ಔಷಧಕ್ಕೆ ಬಗ್ಗದ ಆಸ್ಪತ್ರೆ ರೋಗಾಣು: ಹತ್ತಿ ಹೊಲ ಕಲಿಸಿದ ಪಾಠ, ವಾರ್ಡು ಕಲಿಯದ ಪಾಠ

ದೋರನಹಳ್ಳಿ (ಯಾದಗಿರಿ ಜಿಲ್ಲೆ): ಶಹಾಪುರ ತಾಲ್ಲೂಕಿನ ಈ ಊರು 2022ರ ಫೆಬ್ರುವರಿ ಕೊನೆಯ ವಾರದಲ್ಲಿ ಇಡೀ ರಾಜ್ಯದ ಗಮನ ಸೆಳೆದಿತ್ತು. ಸೀಮಂತ ಕಾರ್ಯಕ್ರಮ ನಡೆಯುತ್ತಿದ್ದ ಮನೆಯಲ್ಲಿ ಅಡುಗೆ ಅನಿಲ ಸೋರಿ ಸ್ಫೋಟ ಸಂಭವಿಸಿತು. ಬಂಧುಬಳಗದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಟ್ಟ ಗಾಯಗಳಿಗೆ ತುತ್ತಾದರು. ತೀವ್ರವಾಗಿ ಗಾಯಗೊಂಡವರನ್ನು ಕಲಬುರಗಿಗೆ ಸಾಗಿಸಲಾಯಿತು. ಸಾವಿನ ಸುದ್ದಿ ಒಂದೇ ದಿನ ಬರಲಿಲ್ಲ. ಮುಂದಿನ ಹಲವು ದಿನಗಳವರೆಗೆ ಮಕ್ಕಳೂ ಸೇರಿದಂತೆ ಒಬ್ಬರಾದ ಮೇಲೊಬ್ಬರ ಸಾವನ್ನು ಊರು ಕೇಳುತ್ತಲೇ ಇತ್ತು.

ಆ ಸಾವುಗಳಿಗೆ ರೋಗಾಣುಗಳು ಕಾರಣ ಎಂಬುದು ಇಲ್ಲಿನ ವಾದವಲ್ಲ. ದೇಹದ ಬಹುಭಾಗ ಬೆಂದಾಗ ಜೀವ ತೆಗೆಯಲು ಬೆಂಕಿಯೊಂದೇ ಸಾಕು. ಆದರೆ ಸುಟ್ಟ ಗಾಯಗಳ ವೈದ್ಯಕೀಯ ಬಲ್ಲವರಿಗೆ ಒಂದು ಸಂಗತಿ ಗೊತ್ತು. ಮೊದಲ ಎರಡು ಮೂರು ದಿನಗಳನ್ನು ದಾಟಿದ ಗಾಯಾಳುವಿಗೆ ನಂತರ ಎದುರಾಗುವ ದೊಡ್ಡ ಶತ್ರು ಸೋಂಕು. ಚರ್ಮ ಎಂಬುದು ದೇಹದ ಕೋಟೆ ಗೋಡೆ. ಅದು ಕುಸಿದ ಮೇಲೆ ಮೊದಲು ಗಾಯಾಳುವಿನ ಮೈಮೇಲೆಯೇ ಇದ್ದ ಬ್ಯಾಕ್ಟೀರಿಯಾಗಳು ಗಾಯವನ್ನು ಸೇರುತ್ತವೆ. ವಾರ ಕಳೆಯುವಷ್ಟರಲ್ಲಿ ಆ ಜಾಗವನ್ನು ಸ್ಯೂಡೊಮೋನಾಸ್, ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮುಂತಾದವು ಆಕ್ರಮಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ಗಾಯಾಳುವಿನ ಊರಿನಿಂದ ಬಂದವಲ್ಲ, ಆಸ್ಪತ್ರೆಯಲ್ಲಿ ಬೀಡುಬಿಟ್ಟವು. ಅಲ್ಲಿ ಬಳಕೆಯಾಗುವ ಔಷಧಗಳ ನಡುವೆಯೇ ಬೆಳೆದು ಅವನ್ನು ಅರಗಿಸಿಕೊಂಡವು.

ಪ್ರತಿಜೀವಕಗಳಿಗೆ, ಅಂದರೆ ಆ್ಯಂಟಿಬಯೊಟಿಕ್ ಔಷಧಗಳಿಗೆ ಬ್ಯಾಕ್ಟೀರಿಯಾಗಳು ಬಗ್ಗದಿರುವ ಸಮಸ್ಯೆ ಇಂದು ವೈದ್ಯಕೀಯ ಸಮ್ಮೇಳನಗಳ ವಿಷಯವಾಗಿಯಷ್ಟೇ ಉಳಿದಿಲ್ಲ. 2025ರ ಡಿಸೆಂಬರ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಯನ್ನು ಪ್ರಸ್ತಾಪಿಸಿ, ವೈದ್ಯರ ಸಲಹೆಯಿಲ್ಲದೆ ಈ ಔಷಧಗಳನ್ನು ಸೇವಿಸಬಾರದು ಎಂದು ಜನರಿಗೆ ಎಚ್ಚರಿಕೆ ನೀಡಿದರು. ಎಚ್ಚರಿಕೆ ಸಕಾಲಿಕ. ಆದರೆ ಅದು ಅರ್ಧ ಕಥೆ ಮಾತ್ರ. ಮಾತ್ರೆ ನುಂಗುವವನಿಗೆ ಬುದ್ಧಿ ಹೇಳಿದರೆ ಸಾಲದು. ಅತ್ಯಂತ ಬಲಿಷ್ಠ ರೋಗಾಣುಗಳು ತಯಾರಾಗುವ ಸ್ಥಳ ಆಸ್ಪತ್ರೆ, ಮತ್ತು ಅವುಗಳನ್ನು ತಡೆಯುವ ಸಾಧನಗಳು ಪ್ರಯೋಗಾಲಯ ಹಾಗೂ ಸಾಬೂನು ನೀರು. ಈ ಎರಡೂ ಎಷ್ಟರ ಮಟ್ಟಿಗೆ ಜಿಲ್ಲೆ, ತಾಲ್ಲೂಕುಗಳನ್ನು ತಲುಪಿವೆ ಎಂಬುದೇ ನಿಜವಾದ ಪ್ರಶ್ನೆ.

ಹತ್ತಿ ಹೊಲದ ಪಾಠ

ಬ್ಯಾಕ್ಟೀರಿಯಾ ಔಷಧವನ್ನು ಹೇಗೆ ಗೆಲ್ಲುತ್ತದೆ ಎಂಬುದನ್ನು ಶಹಾಪುರ, ಸುರಪುರ ಸೀಮೆಯ ರೈತರಿಗೆ ವಿವರಿಸುವುದು ಕಷ್ಟವಲ್ಲ. ಅವರು ಅದನ್ನು ಹತ್ತಿ ಹೊಲದಲ್ಲಿ ಕಣ್ಣಾರೆ ಕಂಡಿದ್ದಾರೆ.

2002ರಲ್ಲಿ ಬಿ.ಟಿ. ಹತ್ತಿಗೆ ದೇಶದಲ್ಲಿ ಅನುಮತಿ ದೊರೆತಾಗ ಕಾಯಿಕೊರಕದ ಕಾಟ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಆರಂಭದ ವರ್ಷಗಳಲ್ಲಿ ಸಿಂಪಡಣೆಯ ಖರ್ಚು ಇಳಿಯಿತು. ಆದರೆ ಹುಳುಗಳ ಅಪಾರ ಸಂಖ್ಯೆಯಲ್ಲಿ ಬಿ.ಟಿ. ವಿಷವನ್ನು ತಾಳಿಕೊಳ್ಳುವ ಕೆಲವು ಹುಳುಗಳು ಇದ್ದೇ ಇದ್ದವು. ಉಳಿದವು ಸತ್ತವು, ಇವು ಬದುಕಿ ಸಂತಾನ ಬೆಳೆಸಿದವು. 2010ರಲ್ಲಿ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿ.ಟಿ. ಹತ್ತಿಯನ್ನು ಜೀರ್ಣಿಸಿಕೊಂಡಿರುವುದನ್ನು ಬೀಜ ಕಂಪನಿಯೇ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಎರಡನೇ ತಲೆಮಾರಿನ ಬೀಜಕ್ಕೂ ಅದೇ ಗತಿಯಾಯಿತು. ರಾಯಚೂರು ಭಾಗದ ಹತ್ತಿ ಬೆಳೆಗಾರರು ಅದರ ಹೊಡೆತವನ್ನು ಉಂಡರು.

ಬೀಜದ ಪೊಟ್ಟಣದ ಜೊತೆ ಬಿ.ಟಿ. ಅಲ್ಲದ ಬೀಜದ ಸಣ್ಣದೊಂದು ಪೊಟ್ಟಣವನ್ನೂ ಕೊಡಲಾಗುತ್ತಿತ್ತು. ಹೊಲದ ಅಂಚಿನಲ್ಲಿ ಅದನ್ನು ಬಿತ್ತಿದರೆ ವಿಷಕ್ಕೆ ಸಾಯುವ ಹುಳುಗಳೂ ಉಳಿದು, ನಿರೋಧಕ ಹುಳುಗಳ ಸಂತತಿ ಏಕಸ್ವಾಮ್ಯ ಸಾಧಿಸದು ಎಂಬುದು ಲೆಕ್ಕಾಚಾರ. ಬಹುತೇಕರು ಅದನ್ನು ಬಿತ್ತಲಿಲ್ಲ. ಈ ವರ್ಷದ ಇಳುವರಿಯ ಆಸೆ ಮುಂದಿನ ದಶಕದ ಎಚ್ಚರವನ್ನು ನುಂಗಿತು.

ಪ್ರತಿಜೀವಕಗಳ ಕಥೆಯೂ ಇದೇ. ಹುಳುವಿನ ಜಾಗದಲ್ಲಿ ಬ್ಯಾಕ್ಟೀರಿಯಾ ಇಟ್ಟು, ಋತುವಿನ ಜಾಗದಲ್ಲಿ ಗಂಟೆಗಳನ್ನು ಇಟ್ಟರೆ ಚಿತ್ರ ಪೂರ್ಣವಾಗುತ್ತದೆ.

ಎಂಟು ಗಂಟೆಯಲ್ಲಿ ಕೋಟಿ

ಅನುಕೂಲಕರ ಸ್ಥಿತಿಯಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಂಟು ಗಂಟೆಗಳ ರಾತ್ರಿ ಪಾಳಿ ಮುಗಿಯುವಷ್ಟರಲ್ಲಿ 1.67 ಕೋಟಿ ಆಗಬಹುದು. ಪ್ರತಿ ವಿಭಜನೆಯಲ್ಲೂ ವಂಶವಾಹಿಯ ನಕಲು ತಯಾರಾಗಬೇಕು. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಸಹಜ. ಬಹುತೇಕ ತಪ್ಪುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಯಾವುದೋ ಒಂದು ತಪ್ಪು ಆ ಬ್ಯಾಕ್ಟೀರಿಯಾಕ್ಕೆ ಔಷಧದಿಂದ ಪಾರಾಗುವ ದಾರಿ ತೋರಿಸುತ್ತದೆ. ಔಷಧ ಉಳಿದವನ್ನೆಲ್ಲ ಕೊಂದು, ಇದಕ್ಕೆ ಹೊಲವನ್ನು ಹಸನು ಮಾಡಿಕೊಡುತ್ತದೆ.

ಪಾರಾಗುವ ದಾರಿಗಳು ಹಲವು. ಕೆಲವು ಬ್ಯಾಕ್ಟೀರಿಯಾಗಳು ಔಷಧವನ್ನೇ ಕತ್ತರಿಸುವ ಕಿಣ್ವವನ್ನು ಸ್ರವಿಸುತ್ತವೆ. ಕೆಲವು ಒಳಹೊಕ್ಕ ಔಷಧವನ್ನು ಪಂಪಿನಂತೆ ಹೊರಗೆಸೆಯುತ್ತವೆ. ಕೆಲವು ತಮ್ಮ ಹೊರಗೋಡೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ಇನ್ನು ಕೆಲವು ಔಷಧ ಹಿಡಿಯಬೇಕಾದ ಜಾಗದ ಆಕಾರವನ್ನೇ ಬದಲಿಸುತ್ತವೆ, ಬೀಗ ಬದಲಾದ ಮೇಲೆ ಹಳೆಯ ಕೀಲಿಯಿಂದ ಪ್ರಯೋಜನವಿಲ್ಲ.

ಬ್ಯಾಕ್ಟೀರಿಯಾಗಳು ಹುಳುಗಳಿಗಿಂತ ಅಪಾಯಕಾರಿಯಾಗುವುದು ಇನ್ನೊಂದು ಕಾರಣಕ್ಕೆ. ಕಾಯಿಕೊರಕ ತನ್ನ ಶಕ್ತಿಯನ್ನು ಮಕ್ಕಳಿಗೆ ಮಾತ್ರ ಕೊಡಬಲ್ಲದು. ಬ್ಯಾಕ್ಟೀರಿಯಾ ಅದನ್ನು ನೆರೆಹೊರೆಗೂ ಹಂಚುತ್ತದೆ. ಪ್ಲಾಸ್ಮಿಡ್ ಎಂಬ ವಂಶವಾಹಿಯ ಪುಟ್ಟ ಉಂಗುರದಲ್ಲಿ ನಾಲ್ಕಾರು ಔಷಧಗಳನ್ನು ಎದುರಿಸುವ ವಿದ್ಯೆ ಒಟ್ಟಿಗೆ ಇರಬಹುದು. ಒಂದು ಬ್ಯಾಕ್ಟೀರಿಯಾ ಮತ್ತೊಂದಕ್ಕೆ, ಅದೂ ಬೇರೆ ಜಾತಿಯದಕ್ಕೆ, ಈ ಉಂಗುರದ ನಕಲನ್ನು ದಾಟಿಸಬಲ್ಲದು. ಹೀಗಾಗಿಯೇ ಒಂದು ಔಷಧದ ದುರ್ಬಳಕೆ ಬೇರೆ ಔಷಧಗಳನ್ನೂ ಜೊತೆಗೇ ನಿಷ್ಫಲಗೊಳಿಸುವುದು.

ಇದು ಹೊಸ ಸಂಗತಿಯೇನಲ್ಲ. ಪೆನ್ಸಿಲಿನ್ ಸಾರ್ವಜನಿಕ ಬಳಕೆಗೆ ಬರುವ ಮುನ್ನವೇ, 1940ರಲ್ಲಿ, ಅದನ್ನು ನಾಶಪಡಿಸುವ ಕಿಣ್ವವನ್ನು ವಿಜ್ಞಾನಿಗಳು ಗುರುತಿಸಿದ್ದರು. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಕಡಿಮೆ ಪ್ರಮಾಣದಲ್ಲಿ ಔಷಧ ಸೇವಿಸಿ ರೋಗಾಣುಗಳನ್ನು ಪಳಗಿಸುವ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಮೆಥಿಸಿಲಿನ್ ಎಂಬ ಔಷಧ 1959ರಲ್ಲಿ ಬಂದರೆ, ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ.

ಆಸ್ಪತ್ರೆಯೇ ಏಕೆ?

ಸೋಂಕು ವಾಸಿಮಾಡಬೇಕಾದ ಆಸ್ಪತ್ರೆಯೇ ಇಂತಹ ರೋಗಾಣುಗಳ ತಾಣವಾಗುವುದು ವಿಪರ್ಯಾಸದಂತೆ ಕಾಣಬಹುದು. ಕಾರಣಗಳು ಸರಳವಾಗಿವೆ.

ಮೊದಲನೆಯದು ಔಷಧದ ಒತ್ತಡ. ಊರಿನ ಬೇರಾವುದೇ ಜಾಗದಲ್ಲಿ ಇಷ್ಟು ಬಗೆಯ, ಇಷ್ಟು ಪ್ರಮಾಣದ ಪ್ರತಿಜೀವಕಗಳು ಒಂದೇ ಸೂರಿನಡಿ ಬಳಕೆಯಾಗುವುದಿಲ್ಲ. ಎರಡನೆಯದು ರೋಗಿಗಳ ದುರ್ಬಲ ಸ್ಥಿತಿ. ತೀವ್ರ ನಿಗಾ ಘಟಕದಲ್ಲಿರುವವರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು, ಸುಟ್ಟ ಗಾಯದವರು, ಶಸ್ತ್ರಚಿಕಿತ್ಸೆಗೆ ಒಳಗಾದವರು, ಯಾರ ದೇಹಕ್ಕೂ ಹೋರಾಡುವ ಕಸುವಿರುವುದಿಲ್ಲ. ಮೂರನೆಯದು ದೇಹದೊಳಗೆ ಇಳಿಬಿಟ್ಟ ನಳಿಕೆಗಳು. ಮೂತ್ರದ ಕ್ಯಾಥೆಟರ್, ರಕ್ತನಾಳದ ನಳಿಕೆ, ವೆಂಟಿಲೇಟರ್ ಕೊಳವೆ ಇವೆಲ್ಲ ಜೀವ ಉಳಿಸುತ್ತವೆ, ಜೊತೆಗೆ ರೋಗಾಣುಗಳಿಗೆ ಹೆದ್ದಾರಿಯೂ ಆಗುತ್ತವೆ. ನಳಿಕೆಯ ಒಳಮೈ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡರೆ, ಕೆರೆಯ ಪಾಚಿಯಡಿ ಅವಿತ ಮೀನಿನಂತೆ ಔಷಧದ ಕೈಗೆ ಸಿಗುವುದಿಲ್ಲ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಸಾಮಾನ್ಯವಾದದ್ದು, ಎಲ್ಲಕ್ಕಿಂತ ನಿರ್ಲಕ್ಷಿತವಾದದ್ದು: ಮನುಷ್ಯರ ಕೈ. ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಬದುಕಬಲ್ಲದು. ಸ್ಯೂಡೊಮೋನಾಸ್‌ಗೆ ನಲ್ಲಿ, ಬೇಸಿನ್‌ಗಳ ತೇವ ಪ್ರಿಯ. ಮಂಚದ ಕಂಬಿ, ರಕ್ತದೊತ್ತಡ ನೋಡುವ ಪಟ್ಟಿ, ಸ್ಟೆತಾಸ್ಕೋಪ್ ಮುಟ್ಟಿದ ಕೈ ತೊಳೆಯದೆ ಮುಂದಿನ ರೋಗಿಯನ್ನು ಮುಟ್ಟಿದರೆ ರೋಗಾಣುವಿನ ಪ್ರಯಾಣ ಮುಗಿಯಿತು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿ ಬಾಣಂತಿಯರ ಸಾವನ್ನು ಗಣನೀಯವಾಗಿ ಇಳಿಸಿದ್ದರು. ಆಗ ಪ್ರತಿಜೀವಕಗಳೇ ಇರಲಿಲ್ಲ. ಅಂದು ಸಾಧ್ಯವಾದದ್ದು ಇಂದಿಗೂ ಆಸ್ಪತ್ರೆ ಸೋಂಕಿನ ವಿರುದ್ಧ ಅತ್ಯಂತ ಅಗ್ಗದ ಅಸ್ತ್ರ.

ಇಲ್ಲಿ ದಾದಿಯರನ್ನು, ಸ್ವಚ್ಛತಾ ಸಿಬ್ಬಂದಿಯನ್ನು ದೂರುವುದು ಸುಲಭ. ಆದರೆ ಮಂಚಗಳ ನಡುವೆ ಕಾಲಿಡಲು ಜಾಗವಿಲ್ಲದ, ಒಬ್ಬ ದಾದಿ ಇಡೀ ವಾರ್ಡ್ ನೋಡಿಕೊಳ್ಳಬೇಕಾದ, ಬೇಸಿಗೆಯಲ್ಲಿ ನಲ್ಲಿಯೇ ಬತ್ತುವ ಕಡೆ ಪ್ರತಿ ರೋಗಿಗೊಮ್ಮೆ ಕೈ ತೊಳೆಯಿರಿ ಎನ್ನುವುದು ಗೋಡೆಯ ಮೇಲಿನ ಬರಹವಾಗಿಯಷ್ಟೇ ಉಳಿಯುತ್ತದೆ.

ರೋಗಿಯ ಜೊತೆ ರೋಗಾಣುವಿನ ಪಯಣ

ಯಾದಗಿರಿಯಂತಹ ಜಿಲ್ಲೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಆಯಾಮವಿದೆ. ಅದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯನ್ನು ಕಳುಹಿಸುವ ಸರಣಿ.

ಹಳ್ಳಿಯ ಒಬ್ಬ ಜ್ವರಪೀಡಿತನ ದಾರಿಯನ್ನು ಊಹಿಸಿಕೊಳ್ಳಬಹುದು. ಮೊದಲ ದಿನ ಔಷಧ ಅಂಗಡಿಯಿಂದ ಎರಡು ದಿನದ ಮಾತ್ರೆ. ಜ್ವರ ಇಳಿಯದಿದ್ದರೆ ಊರಿನಲ್ಲೇ ಸೂಜಿ ಚುಚ್ಚುವವರ ಬಳಿ ಒಂದು ಇಂಜೆಕ್ಷನ್. ಅದರಲ್ಲೇನಿತ್ತು ಎಂಬ ಚೀಟಿ ಇಲ್ಲ. ಮೂರನೆಯ ಹಂತದಲ್ಲಿ ತಾಲ್ಲೂಕು ಆಸ್ಪತ್ರೆ, ಬಳಿಕ ಜಿಲ್ಲಾ ಕೇಂದ್ರ, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಕಲಬುರಗಿ, ರಾಯಚೂರು, ಕೈಯಲ್ಲಿ ದುಡ್ಡಿದ್ದರೆ ಸೊಲ್ಲಾಪುರ, ಹೈದರಾಬಾದ್ ಅಥವಾ ಬೆಂಗಳೂರು. ಪ್ರತಿ ನಿಲ್ದಾಣದಲ್ಲೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಬಲವಾದ ಪ್ರತಿಜೀವಕ. ಪ್ರತಿ ನಿಲ್ದಾಣದಲ್ಲೂ ಹೊಸ ವಾರ್ಡಿನ ಹೊಸ ರೋಗಾಣುಗಳ ಪರಿಚಯ.

ಕೊನೆಯ ಆಸ್ಪತ್ರೆಯಲ್ಲಿ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸುವ ಹೊತ್ತಿಗೆ ಆತನ ದೇಹದಲ್ಲಿ ನಾಲ್ಕು ಬಗೆಯ ಔಷಧ ಹರಿದಿರುತ್ತದೆ. ಮೂಲ ರೋಗಾಣು ಪ್ರಯೋಗಾಲಯದಲ್ಲಿ ಬೆಳೆಯುವುದೇ ಇಲ್ಲ. ಬೆಳೆದರೆ ಅದು ಆಸ್ಪತ್ರೆಯಲ್ಲಿ ಅಂಟಿದ್ದೋ, ಊರಿನಿಂದ ತಂದದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ದಾಖಲಾಗಿ 48 ಗಂಟೆಗಳ ನಂತರ ಕಾಣಿಸಿಕೊಂಡ ಸೋಂಕನ್ನು ಆಸ್ಪತ್ರೆ ಸೋಂಕು ಎಂದು ಪರಿಗಣಿಸುವುದು ರೂಢಿ. ನಾಲ್ಕು ಆಸ್ಪತ್ರೆ ದಾಟಿದವನ ವಿಷಯದಲ್ಲಿ ಆ ಲೆಕ್ಕವನ್ನು ಯಾರ ಖಾತೆಗೆ ಹಾಕಬೇಕು?

ಗುಣವಾಗಿ ಮನೆಗೆ ಮರಳಿದವನೂ ಬರಿಗೈಲಿ ಬರುವುದಿಲ್ಲ. ಪ್ರತಿಜೀವಕಗಳು ಕರುಳಿನಲ್ಲಿದ್ದ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಕೊಂದು ನಿರೋಧಕವಾದವಕ್ಕೆ ಜಾಗ ಮಾಡಿಕೊಟ್ಟಿರುತ್ತವೆ. ಅವು ತಿಂಗಳುಗಟ್ಟಲೆ ಅಲ್ಲೇ ಉಳಿಯಬಹುದು, ಮನೆಮಂದಿಗೂ ಹಬ್ಬಬಹುದು. ಒಳಚರಂಡಿ ಇಲ್ಲದ ಊರುಗಳಲ್ಲಿ ಅವು ನೀರಿಗೂ ಸೇರುತ್ತವೆ. ಹೀಗೆ ಮಹಾನಗರದ ತೀವ್ರ ನಿಗಾ ಘಟಕಕ್ಕೂ ಹಳ್ಳಿಯ ಬಚ್ಚಲಿಗೂ ಕಾಣದ ದಾರಿಯೊಂದು ಏರ್ಪಡುತ್ತದೆ. ಬೆಂಗಳೂರಿನ ಸುಸಜ್ಜಿತ ಆಸ್ಪತ್ರೆಯ ರೋಗಿ ಈ ಸಮಸ್ಯೆ ತನ್ನದಲ್ಲ ಎಂದುಕೊಳ್ಳುವಂತಿಲ್ಲ. ಪಕ್ಕದ ಹಾಸಿಗೆಗೆ ಬಂದವನು ಯಾವ ಯಾವ ವಾರ್ಡುಗಳನ್ನು ಹಾದು ಬಂದಿದ್ದಾನೆಂದು ಆತನಿಗೆ ತಿಳಿಯದು.

ಅಂಕಿ ಅಂಶಗಳ ಎಚ್ಚರಿಕೆ

ದೊಡ್ಡ ಆಸ್ಪತ್ರೆಗಳ ಮಾದರಿಗಳನ್ನು ಆಧರಿಸಿದ ಐಸಿಎಂಆರ್‌ನ 2021ರ ವಾರ್ಷಿಕ ವರದಿ ಸಮಸ್ಯೆಯ ವೇಗವನ್ನು ತೋರಿಸುತ್ತದೆ. ಇಮಿಪೆನೆಮ್ ಎಂಬುದು ಬೇರೆ ಔಷಧಗಳು ಸೋತಾಗ ಬಳಸಬೇಕಾದ ಕಾರ್ಬಪೆನೆಮ್ ಗುಂಪಿನ ಔಷಧ. ಇದಕ್ಕೆ ಬಗ್ಗದ ಇ-ಕೋಲಿಯ ಪ್ರಮಾಣ 2016ರಲ್ಲಿ ಶೇ 14 ಇದ್ದದ್ದು 2021ರಲ್ಲಿ ಶೇ 36ಕ್ಕೆ ಏರಿತು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ವಿಷಯದಲ್ಲಿ 2016ರಲ್ಲಿ ಶೇ 65 ಮಾದರಿಗಳಲ್ಲಿ ಈ ಔಷಧ ಕೆಲಸ ಮಾಡುತ್ತಿತ್ತು, 2021ರಲ್ಲಿ ಶೇ 43ರಲ್ಲಿ ಮಾತ್ರ. ಅಸಿನೆಟೊಬ್ಯಾಕ್ಟರ್‌ನಲ್ಲಿ ಕಾರ್ಬಪೆನೆಮ್‌ಗೆ ಬಗ್ಗದವು ಶೇ 87ಕ್ಕಿಂತ ಹೆಚ್ಚು. ಸುಟ್ಟ ಗಾಯದ ವಾರ್ಡ್‌ಗಳನ್ನು ಕಾಡುವ ರೋಗಾಣು ಇದೇ ಎಂಬುದನ್ನು ಮರೆಯಬಾರದು.

ಕೋವಿಡ್ ಕಾಲದ ಅನುಭವವೂ ಕಣ್ಣು ತೆರೆಸುವಂಥದ್ದು. ದೇಶದ ಹತ್ತು ಆಸ್ಪತ್ರೆಗಳ 17,534 ಕೋವಿಡ್ ರೋಗಿಗಳ ಬಗ್ಗೆ ಐಸಿಎಂಆರ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 3.6ರಷ್ಟು ಮಂದಿಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೇ ಸೋಂಕು ತಗುಲಿತ್ತು. ಹಾಗೆ ಸೋಂಕು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಲಿಲ್ಲ.

ಔಷಧ ಬಳಕೆಯ ರೀತಿಯ ಬಗ್ಗೆ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ (ಎನ್‌ಸಿಡಿಸಿ) 2021-22ರಲ್ಲಿ 20 ಬೋಧಕ ಮತ್ತು ಉನ್ನತ ಆಸ್ಪತ್ರೆಗಳಲ್ಲಿ ಸಮೀಕ್ಷೆ ನಡೆಸಿತು. 9,652 ಒಳರೋಗಿಗಳ ಪೈಕಿ ಶೇ 71.9 ಮಂದಿಗೆ ಪ್ರತಿಜೀವಕ ನೀಡಲಾಗಿತ್ತು. ಅವುಗಳಲ್ಲಿ ಶೇ 55ರಷ್ಟು ಸೋಂಕು ತಗುಲಿದ್ದಕ್ಕಲ್ಲ, ಮುಂದೆ ತಗುಲಬಾರದೆಂಬ ಮುನ್ನೆಚ್ಚರಿಕೆಗೆ. ಚಿಕಿತ್ಸೆಗೆಂದು ಕೊಟ್ಟವುಗಳಲ್ಲಿ, ಯಾವ ರೋಗಾಣು ಎಂದು ಖಚಿತಪಡಿಸಿಕೊಂಡು ಕೊಟ್ಟದ್ದು ಶೇ 6 ಮಾತ್ರ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಮುನ್ನೆಚ್ಚರಿಕೆಯ ಔಷಧವನ್ನು ಶಸ್ತ್ರಚಿಕಿತ್ಸೆಯ ನಂತರವೂ ದಿನಗಟ್ಟಲೆ ಮುಂದುವರಿಸುವುದರಿಂದ ಪ್ರಯೋಜನವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಅಂದರೆ ಬೋಧಕ ಆಸ್ಪತ್ರೆಗಳಲ್ಲೂ ಕತ್ತಲಲ್ಲಿ ಗುಂಡು ಹಾರಿಸುವುದೇ ರೂಢಿಯಾಗಿದೆ. ಪ್ರಯೋಗಾಲಯವೇ ಇಲ್ಲದ ತಾಲ್ಲೂಕುಗಳ ಸ್ಥಿತಿಯನ್ನು ಬೇರೆ ಹೇಳಬೇಕಿಲ್ಲ.

ಪರಿಣಾಮ? 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆಯೇ ನೇರ ಕಾರಣ. ಅದೇ ವರ್ಷ ಭಾರತದಲ್ಲಿ ಅಂತಹ ಸಾವುಗಳು ಸುಮಾರು 2.97 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ 2023ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕುಗಳಲ್ಲಿ ಜಾಗತಿಕವಾಗಿ ಆರರಲ್ಲಿ ಒಂದು, ಆಗ್ನೇಯ ಏಷ್ಯಾ ವಲಯದಲ್ಲಿ ಮೂರರಲ್ಲಿ ಒಂದು ಔಷಧಕ್ಕೆ ಬಗ್ಗದಿದ್ದವು. ಭಾರತ ಈ ವಲಯದಲ್ಲೇ ಇದೆ.

ಹೆಸರಿನ ಜಗಳದಲ್ಲಿ ಕಳೆದ ಕಾಲ

ಎಚ್ಚರಗೊಳ್ಳಲು ದೇಶಕ್ಕೆ ಅವಕಾಶ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಪತ್ತೆಯಾದ ಬ್ಯಾಕ್ಟೀರಿಯಾದಲ್ಲಿ ಕಾರ್ಬಪೆನೆಮ್‌ಗಳನ್ನು ನಾಶಪಡಿಸುವ ಹೊಸ ಕಿಣ್ವ ಇತ್ತು. ಅದಕ್ಕೆ 'ನ್ಯೂ ಡೆಲ್ಲಿ ಮೆಟಲೊ ಬೀಟಾ ಲ್ಯಾಕ್ಟಮೇಸ್' ಅಂದರೆ ಎನ್‌ಡಿಎಂ-1 ಎಂದು ಹೆಸರಿಡಲಾಯಿತು. 2010ರಲ್ಲಿ ವಿಷಯ ದೊಡ್ಡದಾದಾಗ ದೇಶದಲ್ಲಿ ಚರ್ಚೆ ನಡೆದದ್ದು ರಾಜಧಾನಿಯ ಹೆಸರಿಟ್ಟ ಅವಮಾನದ ಬಗ್ಗೆ, ವೈದ್ಯಕೀಯ ಪ್ರವಾಸೋದ್ಯಮಕ್ಕೆ ಆಗುವ ಧಕ್ಕೆಯ ಬಗ್ಗೆ. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ನಿಂತ ಹಾಗೂ ಹರಿಯುವ ಕೊಳಚೆಯ 171 ಮಾದರಿಗಳಲ್ಲಿ 51ರಲ್ಲಿ ಆ ವಂಶವಾಹಿ ಕಂಡುಬಂದಿತು. ಹೆಸರು ಏನೇ ಇರಲಿ, ಅದು ಆಸ್ಪತ್ರೆಯ ಗೋಡೆ ದಾಟಿತ್ತು.

ನಂತರ ಕ್ರಮಗಳು ಬಂದವು. 2014ರ ಮಾರ್ಚ್‌ನಿಂದ ಜಾರಿಯಾದ 'ಎಚ್-1' ಅನುಸೂಚಿಯಡಿ ಪ್ರಬಲ ಪ್ರತಿಜೀವಕಗಳನ್ನು ಮಾರುವ ಅಂಗಡಿ ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. 2016ರಲ್ಲಿ ಪ್ರತಿಜೀವಕ ಮಾತ್ರೆಗಳ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ನಡೆಯಿತು. 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. ಪಶುಪಾಲನೆ, ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು 2019ರಲ್ಲಿ ನಿಷೇಧಿಸಲಾಯಿತು. 2025ರ ನವೆಂಬರ್‌ನಲ್ಲಿ ಕ್ರಿಯಾ ಯೋಜನೆಯ ಎರಡನೇ ಆವೃತ್ತಿಯನ್ನು ಕೇಂದ್ರ ಆರೋಗ್ಯ ಸಚಿವರು ಬಿಡುಗಡೆ ಮಾಡಿದರು. ನೆರೆಯ ಕೇರಳ 2018ರಲ್ಲೇ ರಾಜ್ಯ ಮಟ್ಟದ ಯೋಜನೆ ರೂಪಿಸಿ, 2024ರಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಚೀಟಿಯಿಲ್ಲದೆ ಪ್ರತಿಜೀವಕ ಮಾರುವ ಅಂಗಡಿಗಳ ಮೇಲೆ ದಾಳಿ ಆರಂಭಿಸಿತು.

ಈ ಕ್ರಮಗಳಲ್ಲಿ ಹೆಚ್ಚಿನವು ಅಂಗಡಿ ಮತ್ತು ಗ್ರಾಹಕನ ಕಡೆ ನೋಡುತ್ತವೆ. ಅದು ಅಗತ್ಯವೇ. ಆದರೆ ಅಂಗಡಿಯ ಪುಸ್ತಕ ಎಷ್ಟೇ ಸರಿಯಿದ್ದರೂ, ವಾರ್ಡಿನಲ್ಲಿ ಹರಿದಾಡುವ ರೋಗಾಣುವಿಗೆ ಅದರಿಂದ ತಡೆಯಾಗದು.

ನಾಣ್ಯದ ಇನ್ನೊಂದು ಮುಖ

ಪ್ರತಿಜೀವಕ ಕಡಿಮೆ ಬಳಸಿ ಎಂಬ ಘೋಷಣೆಯನ್ನು ಕುರುಡಾಗಿ ಒಪ್ಪುವುದೂ ಅಪಾಯಕಾರಿ. ನಂಜೇರಿ ಬಂದ ರೋಗಿಗೆ ಮೊದಲ ಗಂಟೆಗಳಲ್ಲಿ ಸರಿಯಾದ ಔಷಧ ಬೀಳದಿದ್ದರೆ ಜೀವ ಉಳಿಯದು. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ರಾತ್ರಿ ಎರಡು ಗಂಟೆಗೆ, ಹೊರಗೆ ಬಂಧುಗಳ ಗುಂಪು ನಿಂತಿರುವಾಗ, ತಾಲ್ಲೂಕು ಆಸ್ಪತ್ರೆಯ ಯುವ ವೈದ್ಯರು ಬಲವಾದ ಔಷಧವನ್ನೇ ಆರಿಸಿಕೊಂಡರೆ ಅದನ್ನು ಅಜ್ಞಾನ ಎನ್ನಲಾಗದು. ಮಾಹಿತಿ ಇಲ್ಲದ ಕಡೆ ಭಯವೇ ಚೀಟಿ ಬರೆಯುತ್ತದೆ.

ನಿಜವಾಗಿ ಅಗತ್ಯವಿರುವವರಿಗೆ ಔಷಧ ಸಿಗದಿರುವುದೂ ಅಷ್ಟೇ ಸತ್ಯ. ಭಾರತ ಸೇರಿದಂತೆ ಎಂಟು ದೇಶಗಳ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2019ರಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ತೀವ್ರ ಸೋಂಕುಗಳಲ್ಲಿ ಸರಿಯಾದ ಔಷಧ ದೊರೆತದ್ದು ಶೇ 6.9 ಪ್ರಕರಣಗಳಿಗೆ ಮಾತ್ರ. ಭಾರತದಲ್ಲಿ ಶೇ 7.8. ಬೇಡದವರಿಗೆ ಧಾರಾಳ, ಬೇಕಾದವರಿಗೆ ದುರ್ಭಿಕ್ಷ. ಎರಡಕ್ಕೂ ಮೂಲ ಒಂದೇ: ಯಾರಿಗೆ ಯಾವ ಸೋಂಕು ಎಂದು ಹೇಳಬಲ್ಲ ಪ್ರಯೋಗಾಲಯದ ಕೊರತೆ.

ಹೊಸ ಔಷಧಗಳು ಬರುತ್ತಿಲ್ಲವೇ ಎಂಬ ಪ್ರಶ್ನೆ ಸಹಜ. ಬರುತ್ತಿವೆ, ನಿಧಾನವಾಗಿ. ಬೆಂಗಳೂರಿನ ಬಗ್‌ವರ್ಕ್ಸ್‌ನಂತಹ ಸಂಸ್ಥೆಗಳು ಸಂಶೋಧನೆಯಲ್ಲಿ ತೊಡಗಿವೆ. ಚೆನ್ನೈನಲ್ಲಿ ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್ ಒಳಗೊಂಡ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಆದರೆ ವರ್ಷಗಟ್ಟಲೆ ಸಂಶೋಧನೆಯ ಫಲವನ್ನು ಕೆಲವೇ ಋತುಗಳಲ್ಲಿ ಕಳೆದುಕೊಳ್ಳುವುದು ಹೇಗೆಂದು ಹತ್ತಿ ಹೊಲ ಈಗಾಗಲೇ ತೋರಿಸಿಕೊಟ್ಟಿದೆ.

ಮಾಡಬೇಕಾದುದೇನು?

ಮೊದಲ ಹೆಜ್ಜೆಗೆ ಯಾದಗಿರಿ ಜಿಲ್ಲೆಯಲ್ಲೇ ಅವಕಾಶವಿದೆ. 2009ರ ಡಿಸೆಂಬರ್‌ನಲ್ಲಿ ಕಲಬುರಗಿಯಿಂದ ಬೇರ್ಪಟ್ಟ ಈ ಜಿಲ್ಲೆ 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿತು. ರಾಜ್ಯದಿಂದ ಆಯ್ಕೆಯಾದ ಎರಡು ಜಿಲ್ಲೆಗಳಲ್ಲಿ ಇದೊಂದು, ಇನ್ನೊಂದು ರಾಯಚೂರು. ಬಹುಕಾಲದ ಬೇಡಿಕೆಯ ನಂತರ 2022ರಲ್ಲಿ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ವೈದ್ಯಕೀಯ ಕಾಲೇಜು ಎಂದ ಮೇಲೆ ಸೂಕ್ಷ್ಮಜೀವಿ ವಿಜ್ಞಾನ ವಿಭಾಗ ಇರಲೇಬೇಕು. ಆ ವಿಭಾಗ ವಿದ್ಯಾರ್ಥಿಗಳ ಪಾಠಕ್ಕೆ ಮಾತ್ರ ಸೀಮಿತವಾಗದೆ ಶಹಾಪುರ, ಸುರಪುರ ತಾಲ್ಲೂಕು ಆಸ್ಪತ್ರೆಗಳ ರಕ್ತ, ಮೂತ್ರ, ಕೀವಿನ ಮಾದರಿಗಳನ್ನು ಪರೀಕ್ಷಿಸುವ ಕೇಂದ್ರವಾಗಬೇಕು. ನಿತ್ಯ ಓಡಾಡುವ ಆಂಬುಲೆನ್ಸ್, ಲಸಿಕೆ ವಾಹನಗಳ ದಾರಿಯಲ್ಲೇ ಮಾದರಿಗಳನ್ನು ಸಾಗಿಸಬಹುದು.

ಎರಡನೆಯದು, ಮೊದಲ ಚುಚ್ಚುಮದ್ದಿಗೆ ಮುನ್ನ ಮಾದರಿ ತೆಗೆದಿಡುವ ಶಿಸ್ತು. ಐದು ನಿಮಿಷದ ಈ ಕೆಲಸದಿಂದ ಚಿಕಿತ್ಸೆ ತಡವಾಗುವುದಿಲ್ಲ. ವರದಿ ಬಂದ ಮೇಲೆ ಬಲವಾದ ಔಷಧದಿಂದ ಸಾಧಾರಣ ಔಷಧಕ್ಕೆ ಇಳಿಯಲು, ಬೇಡದ್ದನ್ನು ನಿಲ್ಲಿಸಲು ದಾರಿಯಾಗುತ್ತದೆ. ವರ್ಷದ ವರದಿಗಳನ್ನು ಒಟ್ಟುಗೂಡಿಸಿದರೆ ಈ ಜಿಲ್ಲೆಯ ಮೂತ್ರ ಸೋಂಕಿಗೆ, ಗಾಯದ ಸೋಂಕಿಗೆ ಯಾವ ಔಷಧ ಇನ್ನೂ ಕೆಲಸ ಮಾಡುತ್ತದೆ ಎಂಬ ಪಟ್ಟಿ ಸಿದ್ಧವಾಗುತ್ತದೆ. ರಾತ್ರಿ ಪಾಳಿಯ ವೈದ್ಯರ ಮೇಜಿನ ಮೇಲೆ ಆ ಒಂದು ಹಾಳೆ ಇದ್ದರೆ ಊಹೆಗೆ ಆಧಾರ ಸಿಕ್ಕಂತೆ.

ಮೂರನೆಯದು ರೆಫರಲ್ ಚೀಟಿ. ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುವಾಗ ಯಾವ ಪ್ರತಿಜೀವಕ, ಯಾವ ದಿನ, ಎಷ್ಟು ಪ್ರಮಾಣ, ಮಾದರಿ ತೆಗೆದಿದೆಯೇ ಎಂಬ ನಾಲ್ಕು ಸಾಲು ಕಡ್ಡಾಯವಾಗಬೇಕು. ಇದಕ್ಕೆ ಅನುದಾನ ಬೇಕಿಲ್ಲ, ಆದೇಶ ಸಾಕು.

ನಾಲ್ಕನೆಯದು ನೀರು, ಜಾಗ, ಕೈಗಳು. ಪ್ರತಿ ವಾರ್ಡಿಗೆ ವರ್ಷವಿಡೀ ಹರಿಯುವ ನಲ್ಲಿ, ಮಂಚಗಳ ಪಕ್ಕ ಕೈಗೆ ಹಚ್ಚುವ ಸ್ಪಿರಿಟ್ ದ್ರಾವಣ, ಸುಟ್ಟ ಗಾಯದವರಿಗೆ ಪ್ರತ್ಯೇಕ ಕೊಠಡಿ, ಸಾಕಷ್ಟು ದಾದಿಯರು. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಕಟ್ಟಡಗಳಿಗೆ ಹರಿಯುವಷ್ಟು ಸುಲಭವಾಗಿ ಇಂತಹ ಕಣ್ಣಿಗೆ ಕಾಣದ ಕೆಲಸಗಳಿಗೂ ಹರಿಯಬೇಕು.

ಕೊನೆಯದಾಗಿ ಪಾರದರ್ಶಕತೆ. ಆಸ್ಪತ್ರೆಯಲ್ಲಿ ಎಷ್ಟು ಹೆರಿಗೆ, ಎಷ್ಟು ಶಸ್ತ್ರಚಿಕಿತ್ಸೆ ನಡೆದವು ಎಂಬ ಅಂಕಿ ಅಂಶ ಹೊರಬರುತ್ತದೆ. ಎಷ್ಟು ಮಂದಿಗೆ ಆಸ್ಪತ್ರೆಯಲ್ಲೇ ಸೋಂಕು ತಗುಲಿತು ಎಂಬುದೂ, ಸರ್ಕಾರಿ ಮತ್ತು ಖಾಸಗಿ ಎಂಬ ಭೇದವಿಲ್ಲದೆ, ಹೊರಬರಬೇಕು. ಸೋಂಕು ಒಪ್ಪಿಕೊಂಡ ಆಸ್ಪತ್ರೆಯನ್ನು ಶಿಕ್ಷಿಸಿದರೆ ಲೆಕ್ಕ ಬಚ್ಚಿಡುವವರೇ ಹೆಚ್ಚಾಗುತ್ತಾರೆ. ಲೆಕ್ಕ ಕೊಟ್ಟು ಸರಿಪಡಿಸಿಕೊಂಡವರಿಗೆ ಮನ್ನಣೆ ಸಿಗುವಂತಾಗಬೇಕು.

ದೋರನಹಳ್ಳಿಯಂತಹ ಊರಿನಲ್ಲಿ ಇನ್ನೊಮ್ಮೆ ಅವಘಡ ಸಂಭವಿಸದಿರಲಿ. ಸಂಭವಿಸಿದರೆ ಬೆಂಕಿ ಮಾಡಿದ ಹಾನಿಯನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಆದರೆ ಬೆಂಕಿಯಿಂದ ಬದುಕಿ ಆಸ್ಪತ್ರೆ ಸೇರಿದವನು ಆಸ್ಪತ್ರೆಯ ಮಂಚದ ಮೇಲೆ ಇನ್ನೊಂದು ಅವಘಡಕ್ಕೆ ಸಿಲುಕದಂತೆ ನೋಡಿಕೊಳ್ಳುವುದು ಸರ್ಕಾರಕ್ಕೂ ವೈದ್ಯಕೀಯ ವ್ಯವಸ್ಥೆಗೂ ಸಾಧ್ಯವಿರುವ ಕೆಲಸ. ಹತ್ತಿ ಬೆಳೆಗಾರ ಒಂದು ಹಂಗಾಮು ಸೋತರೆ ಮುಂದಿನ ಹಂಗಾಮಿಗೆ ಬೇರೆ ಬೆಳೆ ಬಿತ್ತಬಹುದು. ಕೊನೆಯ ಔಷಧವೂ ಸೋತ ರೋಗಿಗೆ ಆ ಆಯ್ಕೆ ಇರುವುದಿಲ್ಲ.